ಮಗುವಿನ ಕೈಗಿಂತ ಒಂದು ಗೇಣು ಮೇಲೆ

ನಿವೃತ್ತಿಯ ದಿನ ನನಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ನಾಲ್ಕು ಒಳ್ಳೆಯ ಮಾತಾಡಿದರು. ಎಷ್ಟು ಮಕ್ಕಳಿಗೆ ಅಕ್ಷರ ಕಲಿಸಿದೆ, ಎಷ್ಟು ಬಾಣಂತಿಯರ ಮನೆಗೆ ಹೋದೆ ಎಂದೆಲ್ಲ ಹೇಳಿದರು. ನಾನು ಕೈಮುಗಿದು ಕುಳಿತಿದ್ದೆ. ನನ್ನ ನಿಜವಾದ ಹೆಮ್ಮೆಯನ್ನು ಅಲ್ಲಿ ಯಾರೂ ಹೇಳಲಿಲ್ಲ. ಹೇಳಲು ಅದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಮೂವತ್ತೊಂದು ವರ್ಷದಲ್ಲಿ ನನ್ನ ಅಂಗನವಾಡಿಯ ಒಂದು ಮಗುವನ್ನೂ ನಾವು ವಿಷದ ಬಾಟಲಿಗೆ, ಡಬ್ಬಿಗೆ, ಪೊಟ್ಟಣಕ್ಕೆ ಕಳೆದುಕೊಳ್ಳಲಿಲ್ಲ. ಆಗದೇ ಇದ್ದದ್ದನ್ನು ಬರೆಯಲು ರಿಜಿಸ್ಟರಿನಲ್ಲಿ ಕಾಲಮ್ಮು ಇರುವುದಿಲ್ಲವಲ್ಲ.

ಈಗ ನನ್ನ ಜಾಗಕ್ಕೆ ಬಂದಿರುವ ಸುನೀತಾ ಮೊನ್ನೆ ಮನೆಗೆ ಬಂದವಳು, "ಅಕ್ಕೋರೆ, ತಾಲೂಕಿಗೆ ಹೊಸಾ ಹುಡುಗ್ಯರು ಸೇರ್ಕಂಡಾರೆ. ಮೊಬೈಲಲ್ಲಿ ಮಾಹಿತಿ ತುಂಬೂಕೆ ಎಲ್ಲಾ ಬರ್ತದೆ ಅವ್ರಿಗೆ. ಒಬ್ಬರ ಅಡಿಗೆಮನೆ ಒಳಗೆ ಹೊಕ್ಕೂಕೆ ಮಾತ್ರ ಬರೂದಿಲ್ಲ. ನೀವೊಂದು ಬರ್ದು ಕೊಡಿ" ಎಂದಳು. ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಅನ್ನುತ್ತಾರೆ. ಅಂಗನವಾಡಿಯವಳಿಗೂ ಆ ಹೆಸರು ಸಿಕ್ಕಿತು, ಅದು ದೇವರು ಕೊಟ್ಟ ಮೊದಲ ಸಣ್ಣ ದಯೆ.

ನಾನು ಮೊದಲು ಗೃಹಿಣಿ, ಆಮೇಲೆ ಕಾರ್ಯಕರ್ತೆ. ಬೊಬ್ರುವಾಡದಲ್ಲಿ ಹುಟ್ಟಿ ಹಟ್ಟಿಕೇರಿಗೆ ಸೊಸೆಯಾಗಿ ಬಂದವಳು. ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚಿ, ಗಂಜಿ ಬೇಯಿಸಿಟ್ಟು, ಮಾವನವರಿಗೆ ಚಾ ಕೊಟ್ಟು ಅಂಗನವಾಡಿಯ ಬೀಗ ತೆಗೆಯುತ್ತಿದ್ದೆ. ಕೆಲಸ ಕಲಿತದ್ದು ತರಬೇತಿಯಲ್ಲಿ ಅರ್ಧ, ತಪ್ಪು ಮಾಡಿ ಅರ್ಧ. ಹೊಸಬರಿಗೆ ತಪ್ಪೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಅದನ್ನೇ ಮೊದಲು ಹೇಳುತ್ತೇನೆ.

ಸೇರಿದ ಎರಡನೆಯ ವರ್ಷ. ಆಗ ಮನೆಮನೆಯಲ್ಲೂ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ಅದನ್ನು ಇಡುವುದು ಕುಡಿಯುವ ನೀರಿನದೇ ಬಾಟಲಿಯಲ್ಲಿ. ಕೇರಿಯ ಒಂದು ಮನೆಯ ಎರಡು ವರ್ಷದ ಕೂಸು ಬಾಯಾರಿಕೆಗೆ ಅದನ್ನೇ ಎತ್ತಿ ಕುಡಿಯಿತು. ತಾಯಿ ಕೂಗಿಕೊಂಡಾಗ ಓಡಿಹೋದವಳು ನಾನೇ. ಉಪ್ಪುನೀರು ಕುಡಿಸಿದೆ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿದೆ, ಆಮೇಲೆ ಸಿಕ್ಕಿದ ಟೆಂಪೊ ಹತ್ತಿಸಿ ಅಂಕೋಲೆಯ ಆಸ್ಪತ್ರೆಗೆ ಒಯ್ದೆ. ದಾರಿಯುದ್ದಕ್ಕೂ, ಮಾಡಬೇಕಾದ್ದನ್ನೆಲ್ಲ ಮಾಡಿದ್ದೇನೆ ಎಂಬ ಸಮಾಧಾನದಲ್ಲಿ ಕುಳಿತಿದ್ದೆ.

ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿದವರು ತಲೆಯೆತ್ತಿ, "ವಾಂತಿ ಮಾಡ್ಸಿದವರು ಯಾರು?" ಎಂದರು.

"ನಾನೇ ಸರ್" ಎಂದೆ, ಶಹಬ್ಬಾಸ್ ಅನ್ನುತ್ತಾರೆಂದುಕೊಂಡು.

"ಹೊಟ್ಟೇಲಿ ಇದ್ದದ್ದನ್ನ ಎದೆಗೆ ಕಳಿಸಿ ಕೊಟ್ರಿ ನೋಡಿ. ಇನ್ನು ಈ ಮಗು ಉಸಿರಾಡೂದಕ್ಕೆ ನಾನು ಕೆಲ್ಸ ಮಾಡಬೇಕು."

ಅಲ್ಲಿದ್ದ ನರ್ಸ್, ಆಯಾ, ಮಗುವಿನ ತಾಯಿ ಎಲ್ಲರ ಎದುರಿಗೂ ಬೈದರು. ಬೈಯಬೇಕಾದ್ದೇ. ಮಗು ಹತ್ತು ದಿನ ಆಸ್ಪತ್ರೆಯಲ್ಲಿದ್ದು, ಬಡವಾಗಿ, ಆದರೆ ಬದುಕಿ ಬಂತು. ಬಿಡುಗಡೆಯ ದಿನ ಅದೇ ಡಾಕ್ಟರು ಕರೆದು ಕೂರಿಸಿ ಮೂರು ಮಾತು ಹೇಳಿದರು. ಒಂದು, ನೀವಾಗಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕೊಡಲೇಬೇಡಿ. ಇನ್ನೊಂದು, ಏನಾಗುತ್ತದೋ ನೋಡೋಣ ಎಂದು ಕಾಯಬೇಡಿ, ತಕ್ಷಣ ಹೊರಡಿ. ಮತ್ತೆ, ಬರುವಾಗ ಆ ಬಾಟಲಿಯನ್ನೂ ಹಿಡಿದುಕೊಂಡು ಬನ್ನಿ. ನನ್ನ ಡೈರಿಯ ಮೊದಲ ಪುಟದಲ್ಲಿ 'ಶ್ರೀ' ಬರೆದು ಅದರ ಕೆಳಗೆ ಈ ಮೂರನ್ನೂ ಬರೆದೆ. ಪ್ರತಿ ವರ್ಷ ಹೊಸ ಡೈರಿ ಬಂದಾಗಲೂ ಮೊದಲು ಅದನ್ನೇ ಬರೆದದ್ದು.

ಮಗು ಮನೆಗೆ ಬಂದ ಮೇಲೆ ನಾನು ಆ ಅಡಿಗೆಮನೆಗೆ ಹೋದೆ. ಬಾಟಲಿ ಎಲ್ಲಿತ್ತು ತೋರಿಸು ಎಂದೆ. "ಮೇಲೇ ಇಟ್ಟಿದ್ದೆ ಅಕ್ಕೋರೆ, ದೇವ್ರಾಣೆ" ಎಂದು ತಾಯಿ ಅಕ್ಕಿ ಡಬ್ಬ ತೋರಿಸಿದಳು. ಅವಳ ಸೊಂಟದ ಎತ್ತರ. ಪಕ್ಕದಲ್ಲೇ ಒಂದು ಸ್ಟೂಲು. ಅವಳು ಸುಳ್ಳು ಹೇಳಿರಲಿಲ್ಲ. ಅವಳ 'ಮೇಲೆ' ಬೇರೆ, ಮಗುವಿನ 'ಮೇಲೆ' ಬೇರೆ, ಅಷ್ಟೇ. ನಾನು ಕೂಸನ್ನು ಆ ಸ್ಟೂಲಿನ ಮೇಲೆ ನಿಲ್ಲಿಸಿ, "ಕೈ ಮೇಲೆ ಮಾಡು ನೋಡ್ವ" ಎಂದೆ. ಬೆರಳ ತುದಿ ಎಲ್ಲಿ ಮುಟ್ಟಿತೋ ಅದರ ಮೇಲೆ ಇನ್ನೊಂದು ಗೇಣು ಬಿಟ್ಟು, ಅಂಗಳದಲ್ಲಿ ರಂಗೋಲಿ ಬರೆಯಲು ಇಟ್ಟಿದ್ದ ಶೇಡಿಯಿಂದ, ಆ ಬಿಳಿ ಮಣ್ಣಿನಿಂದ, ಗೋಡೆಗೆ ಅಡ್ಡ ಗೆರೆ ಎಳೆದೆ. "ಮಕ್ಕಳು ಬಾಯಿಗೆ ಹಾಕ್ಬಾರ್ದ್ದೆಲ್ಲ ಈ ಗೆರೆ ಮೇಲೆ. ತಿಂಬೂದೆಲ್ಲ ಕೆಳಗೆ" ಎಂದೆ. ಓದು ಬಾರದ ಮುದುಕಿಗೂ ಅರ್ಥವಾಗುವ ಕಾನೂನು ಅದು.

ಅಲ್ಲಿಂದ ಅದೇ ನನ್ನ ಪದ್ಧತಿಯಾಯಿತು. ಮನೆ ಭೇಟಿಗೆ ಹೋದಾಗ ಸೆರಗಿನ ತುದಿಗೆ ಒಂದು ಶೇಡಿ ಉಂಡೆ. ವರ್ಷಕ್ಕೊಮ್ಮೆ ಮಕ್ಕಳು ಬೆಳೆದ ಹಾಗೆ ಗೆರೆಯೂ ಮೇಲೆ ಹೋಗಬೇಕು. ಮಕ್ಕಳಿಗೆ ಆ ಸ್ಟೂಲು ಹತ್ತುವುದೇ ಹಬ್ಬ. ದೊಡ್ಡವರು ಮಾತ್ರ ನಗುತ್ತಿದ್ದರು. ನಾನು ಕೇರಿಗೆ ಕಾಲಿಟ್ಟರೆ, "ಏ, ಲಕ್ಷ್ಮಣ ಅಕ್ಕೋರು ಬಂದ್ರು! ಗೆರೆ ದಾಟ್ಬೇಡಿ, ಹತ್ತು ತಲೆಯವ್ನು ಹೊತ್ಕಂಡು ಹೋಗ್ತ!" ಎಂದು ಕೂಗುವವರಿದ್ದರು. ನಗಲಿ, ಅಡ್ಡಿಲ್ಲ. ನಗುತ್ತ ನಗುತ್ತಲೇ ಬಾಟಲಿ ಮೇಲೆ ಹೋಗುತ್ತಿತ್ತು.

ನನ್ನ ಜೊತೆ ಬೀರಮ್ಮ ಇದ್ದಳು, ಅಂಗನವಾಡಿಯ ಸಹಾಯಕಿ. ಅಡಿಗೆ ಅವಳದು, ಮಕ್ಕಳನ್ನು ಕರೆತರುವುದು ಅವಳದು. ಅವಳ ಬಾಯಿ ದೊಡ್ಡದು, ಮೂಗು ಇನ್ನೂ ಚುರುಕು. ಮೀನಿನ ಬುಟ್ಟಿ ತಿರುವಿನಲ್ಲಿರುವಾಗಲೇ ಇವತ್ತಿನದೋ ನಿನ್ನೆಯದೋ ಹೇಳುತ್ತಿದ್ದಳು. ಆ ಮೂಗಿನ ಋಣ ನಮ್ಮ ಊರಿನ ಮೇಲೆ ಬಹಳ ಇದೆ.

ಇನ್ನು ಸರಕಾರದ ಕಾನೂನಿನ ಮಾತು. ಒಂದು ತರಬೇತಿಯಲ್ಲಿ ಕಾರವಾರದಿಂದ ಬಂದ ಅಧಿಕಾರಿಯೊಬ್ಬರು ಓದಿ ಹೇಳಿದರು. ಕೀಟನಾಶಕದ ಡಬ್ಬಿಯ ಮೇಲೆ ವಜ್ರದಾಕಾರದ ಬಣ್ಣದ ಗುರುತು ಇರಲೇಬೇಕು, ಕೆಂಪಿದ್ದರೆ ಎಲ್ಲಕ್ಕಿಂತ ಕೆಟ್ಟ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಮಕ್ಕಳ ಕೈಗೆ ಸಿಗದಂತೆ ಇಡಿ ಎಂದು ಮೇಲೆ ಅಚ್ಚಾಗಿರಬೇಕು. ಬಿಡಿಯಾಗಿ ಅಳೆದು ಬೇರೆ ಬಾಟಲಿಗೆ ಹಾಕಿ ಮಾರುವಂತಿಲ್ಲ. ತಿನ್ನುವ ಸಾಮಾನಿಗೆ ತಾಗಿಸಿ ಇಡುವಂತಿಲ್ಲ. ಅಂದರೆ ನಾವು ಬೆಲ್ಲ ತರುವ ಅಂಗಡಿಯಲ್ಲಿ ನಡೆಯುತ್ತಿರುವುದೆಲ್ಲ ಕಾನೂನಿಗೆ ವಿರುದ್ಧ!

ಆ ಅಂಗಡಿ ವಿಠೋಬ ಪ್ರಭು ಮಾಮನದು. ಒಳ್ಳೆಯ ಮನುಷ್ಯ, ದೇವರ ಕೆಲಸಕ್ಕೆ ಮುಂದೆ. ಆದರೆ ಅವನ ಹಲಗೆಯ ಮೇಲೆ ಬೆಲ್ಲ, ಅದರ ಪಕ್ಕ ಭತ್ತಕ್ಕೆ ಹೊಡೆಯುವ ಔಷಧ, ಅದರ ಪಕ್ಕ ಇಲಿ ಪಾಷಾಣ, ಕೆಳಗೆ ನೀರಿನ ಬಾಟಲಿಗಳಲ್ಲಿ ತುಂಬಿಟ್ಟ ಆ್ಯಸಿಡ್. ಮರುದಿನವೇ ಹೋಗಿ ಕಾನೂನು ಹೇಳಿದೆ.

"ಏನು ಬಾಯೆ, ನನ್ನ ಅಪ್ಪನ ಕಾಲದಿಂದ ಹಿಂಗೇ ಅದೆ. ಯಾರಾದ್ರೂ ಸತ್ರಾ?"

"ಒಬ್ಬರು ಸಾಯ್ಲಿ ಹೇಳಿ ಕಾಯ್ತಾ ಇದ್ರಾ ಪ್ರಭು ಮಾಮ?"

"ಕಾನೂನು ಇರೂದು ಕಾರವಾರದಲ್ಲಿ. ಗಿರಾಕಿ ಇರೂದು ಹಟ್ಟಿಕೇರಿಯಲ್ಲಿ. ನಾ ಯಾರ ಮಾತು ಕೇಳೂದು?"

ಜಗಳ ಬೇಡವೆಂದು ಒಂದು ಅಚ್ಚು ಬೆಲ್ಲ ಕಟ್ಟಿಸಿಕೊಂಡೆ. ಬೀರಮ್ಮ ಅದನ್ನು ನನ್ನ ಕೈಯಿಂದ ತೆಗೆದು ಮೂಸಿದಳು. ಅಂಗಡಿಯಲ್ಲಿ ಐದಾರು ಹೆಂಗಸರಿದ್ದರು. "ಅಯ್ಯೋ ಅಕ್ಕೋರೆ, ಬೆಲ್ಲಕ್ಕೆ ಗದ್ದೆ ಔಷಧದ ವಾಸ್ನೆ ಹೊಡಿತದಲ್ರೆ!" ಎಂದಳು, ರಸ್ತೆಗೆ ಕೇಳುವಷ್ಟು ದೊಡ್ಡದಾಗಿ. ವಾಸನೆ ಖರೆ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಪೊಟ್ಟಣ ಮೂಸತೊಡಗಿದರು. ಆ ವಾರ ಮುಗಿಯುವುದರೊಳಗೆ ಪ್ರಭು ಮಾಮ ಅಂಗಡಿಯ ಹಿಂದಿನ ಕೋಣೆಗೆ ಬಾಗಿಲು ಹಚ್ಚಿಸಿ, ಬೀಗ ಹಾಕಿ, ವಿಷದ ಸಾಮಾನೆಲ್ಲ ಅಲ್ಲಿಗೆ ಸಾಗಿಸಿದ. ಆಮೇಲೆ ಆ್ಯಸಿಡ್ ಮಾರುವವರು ಕೊಳ್ಳುವವರ ಹೆಸರು, ವಿಳಾಸ, ಕಾರಣ ಬರೆದಿಡಬೇಕು, ಹದಿನೆಂಟು ತುಂಬದವರಿಗೆ ಕೊಡಲೇಬಾರದು ಎಂದು ಕಾನೂನು ಬಂದಾಗ, "ನನಗೆ ಈ ಬರವಣಿಗೆ ಬೇಡ ಮಾರಾಯ್ತಿ" ಎಂದು ಆ್ಯಸಿಡ್ ಮಾರುವುದನ್ನೇ ಬಿಟ್ಟ. ನನ್ನ ಮೇಲೆ ಸಿಟ್ಟೂ ಬಿಟ್ಟ.

ಮೇಲಿನವರನ್ನು ಒಲಿಸುವುದು ಅಂಗಡಿಯವನನ್ನು ಒಲಿಸಿದಷ್ಟು ಸುಲಭವಲ್ಲ. ನಮಗೆ ಆಗ ಒಬ್ಬ ಮೇಲ್ವಿಚಾರಕಿ ಇದ್ದರು, ಬಹಳ ಶಿಸ್ತಿನವರು. ಒಂದು ಮನೆಯಲ್ಲಿ ನನ್ನ ಗೆರೆ ನೋಡಿ, "ಇದು ಯಾವ ಸುತ್ತೋಲೆಯಲ್ಲಿದೆ?" ಎಂದು ಕೇಳಿದರು. ಯಾವುದರಲ್ಲೂ ಇಲ್ಲ ಮೇಡಂ ಎಂದೆ. "ಹಾಗಾದ್ರೆ ಗೋಡೆ ಮೇಲೆ ಬರೆಯೋದು ಬಿಟ್ಟು ರಿಜಿಸ್ಟರ್ ಬರೀರಿ" ಎಂದರು. ಸರಿ ಎಂದೆ. ರಿಜಿಸ್ಟರೂ ಬರೆದೆ, ಗೆರೆಯನ್ನೂ ಬಿಡಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ತಾಯಂದಿರ ಸಭೆ. ಊರಿನ ಮಹಿಳಾ ಸಂಘದವರು ಮನೆಯಲ್ಲೇ ಫಿನಾಯಿಲ್ ಮಾಡಿ ಮಾರುತ್ತಿದ್ದರು. ಬಿಳಿಯದು ಯಾರಿಗೂ ಬೇಡ, ಬಣ್ಣ ಹಾಕಿದರೆ ಹೋಗುತ್ತದೆಂದು ಗುಲಾಬಿ ಕೆಂಪು ಮಾಡಿದ್ದರು. ಅದೇ ಸಂಘದವರು ಬೇಸಿಗೆಗೆ ಮುರುಗಲ ಹಣ್ಣಿನ ಶರಬತ್ತಿನ ರಸವನ್ನೂ ಮಾಡುತ್ತಿದ್ದರು. ಅದರ ಬಣ್ಣವೂ ಕೆಂಪೇ. ಬಾಟಲಿ ಎರಡಕ್ಕೂ ಒಂದೇ, ಮದುವೆ ಮನೆಗಳಿಂದ ಆರಿಸಿ ತಂದು ತೊಳೆದ ತಂಪು ಪಾನೀಯದ ಖಾಲಿ ಬಾಟಲಿ. ನಮ್ಮ ಹೆಂಗಸರಿಗೆ ಯಾವುದನ್ನೂ ಎಸೆದು ಗೊತ್ತಿಲ್ಲ, ಆ ಒಳ್ಳೆಯ ಗುಣವೇ ಅಂದು ಮೋಸ ಮಾಡಿತು. ಮೇಡಂ ಬಿಸಿಲಲ್ಲಿ ಬಂದಿದ್ದಾರೆಂದು ಯಾರೋ ಪ್ರೀತಿಯಿಂದ ಲೋಟಕ್ಕೆ ಎರಡು ಚಮಚ ಹಾಕಿ, ತಣ್ಣೀರು ಬೆರೆಸಿ, ಸಕ್ಕರೆ ಕದಡಿ ತಂದರು. ಮೇಡಂ ಭಾಷಣ ಮಾಡುತ್ತಲೇ ಲೋಟ ಎತ್ತಿದರು. ಮೂಲೆಯಲ್ಲಿ ಅವಲಕ್ಕಿ ಕಲಸುತ್ತಿದ್ದ ಬೀರಮ್ಮ ಒಮ್ಮೆಲೇ ಎದ್ದು ಬಂದು, ಅಧಿಕಾರಿ ಎಂಬುದನ್ನೂ ನೋಡದೆ, ಲೋಟ ಕಸಿದುಕೊಂಡಳು.

"ಎಂತದು ಇದು? ಬಿಡಿ!" ಎಂದರು ಮೇಡಂ.

"ಮೇಡಮ್ಮೋರೆ, ಇದನ್ನ ಕುಡುದ್ರೆ ನಿಮ್ಮ ಹೊಟ್ಟೆ ಪಾಯಿಖಾನಿ ಹಂಗೆ ಫಳಫಳ ಆಗ್ತದೆ. ಇದು ಫಿನಾಯ್ಲು!"

ಸಭೆಯಲ್ಲಿ ಯಾರೂ ನಗಲಿಲ್ಲ. ಮೇಡಂ ಬೀರಮ್ಮನ ಕೈಯಿಂದ ಲೋಟ ತೆಗೆದುಕೊಂಡು ಮೂಸಿ ನೋಡಿದರು. ಆಮೇಲೆ ಅವರೇ, "ನನಗೆ ಬೀರಮ್ಮ ಇದ್ದರು. ನಿಮ್ಮ ಮಕ್ಕಳಿಗೆ ಮಧ್ಯಾಹ್ನ ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳಿದರು. ಅದಕ್ಕಿಂತ ಒಳ್ಳೆಯ ಭಾಷಣವನ್ನು ನಾನು ಕೇಳಿಲ್ಲ. ಸಂಘದವರು ಅಂದೇ ಠರಾವು ಮಾಡಿದರು. ಫಿನಾಯಿಲ್‌ಗೆ ಬೇರೆ ಆಕಾರದ, ಹಿಡಿಕೆಯ ಕ್ಯಾನು, ಮೇಲೆ ಚೀಟಿ, ಬಣ್ಣ ಹಾಕುವುದು ಬಂದ್. ಮುಂದಿನ ತಾಲೂಕು ಸಭೆಯಲ್ಲಿ ಮೇಡಂ ಗೋಡೆಯ ಗೆರೆಯ ಬಗ್ಗೆ ಎಲ್ಲರಿಗೂ ಕಲಿಸಿದರು, ತಮ್ಮದೇ ಯೋಜನೆ ಎಂಬಂತೆ. ನನ್ನ ಹೆಸರು ಬರಲಿಲ್ಲ. ಬೀರಮ್ಮ ಪಕ್ಕದಲ್ಲಿ ನನ್ನ ತೊಡೆ ಚಿವುಟಿದಳು. ನಾನು, ಗೆರೆ ಊರೂರಿಗೆ ಹೋದರೆ ಸಾಕಲ್ಲ ಎಂದುಕೊಂಡೆ. ಖರೆ ಹೇಳಬೇಕೆಂದರೆ, ಸ್ವಲ್ಪ ಹೊಟ್ಟೆ ಉರಿಯಿತು ಕೂಡ.

ಇಷ್ಟೆಲ್ಲ ಆದ ಮೇಲೆ ನನಗೆ ಜಂಬ ಬಂದಿತ್ತು. ಕಾನೂನು ನನಗೆ ಗೊತ್ತು, ಮನೆಮನೆಯ ಗೋಡೆ ನನಗೆ ಗೊತ್ತು ಎಂದು. ದೇವರು ಅದನ್ನು ಇಳಿಸಿದ್ದು ತನ್ನ ಗೂಡಿನಿಂದಲೇ.

ಸುನೀತಾ ಆಗ ನನ್ನ ಅಂಗನವಾಡಿಯ ಒಬ್ಬ ತಾಯಿ. ಅವಳ ತವರು ಚೆಂಡಿಯಾ ಕಡೆಯದು. ನೌಕಾನೆಲೆಗೆ ಜಮೀನು ಹೋದಾಗ ಅವಳ ಅಪ್ಪ ಮನೆ ಬಿಟ್ಟು ಎದ್ದು ಬಂದವನು. ಹಾಗೆ ಒಮ್ಮೆ ಎದ್ದು ಬಂದ ಮನೆಯ ಮಗಳು, ಯಾರನ್ನೂ ಬೇಗ ನಂಬುವವಳಲ್ಲ. ಮಗಳು ಮಾನಸಿಗೆ ಮೂರು ವರ್ಷ. ಅದನ್ನು ಅಂಗನವಾಡಿಗೆ ಬಿಡಲು ಅವಳು ಒಂದು ತಿಂಗಳು ಯೋಚಿಸಿದ್ದಳು. ಮೊದಲ ವಾರವೆಲ್ಲ ಕಿಟಕಿಯ ಹೊರಗೇ ನಿಂತಿರುತ್ತಿದ್ದಳು.

ನನ್ನ ಅಂಗನವಾಡಿಯಲ್ಲಿ ಒಂದು ದೇವರ ಗೂಡು. ಶಾರದೆಯ ಪಟ, ಗಣಪತಿಯ ಪುಟ್ಟ ಮೂರ್ತಿ. ಮಕ್ಕಳು ತಾವೇ ಹೂ ಇಟ್ಟು ನಮಸ್ಕಾರ ಮಾಡಲಿ ಎಂದು ಬೇಕೆಂದೇ ತಗ್ಗಿನಲ್ಲಿ ಮಾಡಿಸಿದ್ದೆ. ಶುಕ್ರವಾರ ಕರ್ಪೂರದ ಆರತಿ, ಆಮೇಲೆ ಎಲ್ಲರ ಅಂಗೈಗೂ ಒಂದೊಂದು ಕಲ್ಲುಸಕ್ಕರೆ. ಒಂದು ಸಣ್ಣ ಸ್ಟೀಲಿನ ಬಟ್ಟಲಲ್ಲಿ ಕಲ್ಲುಸಕ್ಕರೆ, ಅಂಥದೇ ಇನ್ನೊಂದರಲ್ಲಿ ಕರ್ಪೂರದ ಬಿಳಿ ಬಿಲ್ಲೆ. ಎರಡೂ ಒಂದೇ ತಟ್ಟೆಯಲ್ಲಿ. ವಿಷದ ಬಾಟಲಿಗೆ ಊರೆಲ್ಲ ಗೆರೆ ಎಳೆದವಳಿಗೆ ಆ ತಟ್ಟೆ ಕಾಣಲೇ ಇಲ್ಲ. ದೇವರ ಪದಾರ್ಥ ಎಂದರೆ ನನ್ನ ಮನಸ್ಸಿನಲ್ಲಿ ಅದು ವಿಷದ ಲೆಕ್ಕದಲ್ಲೇ ಇರಲಿಲ್ಲ.

ಅಂದು ಶುಕ್ರವಾರ, ಮಕ್ಕಳ ತೂಕ ನೋಡುವ ದಿನವೂ ಹೌದು. ಆರತಿ ಮುಗಿಸಿ, ತಟ್ಟೆಯನ್ನು ಗೂಡಿನಲ್ಲೇ ಬಿಟ್ಟು, ತೂಕದ ಯಂತ್ರದ ಹತ್ತಿರ ಹೋದೆ. ಸ್ವಲ್ಪ ಹೊತ್ತಿಗೆ ಬೀರಮ್ಮ ಮಾನಸಿಯನ್ನು ಎತ್ತಿಕೊಂಡು ಬಂದಳು.

"ಅಕ್ಕೋರೆ, ಈ ಕೂಸಿನ ಬಾಯಲ್ಲಿ ದೇವಸ್ಥಾನದ ವಾಸ್ನೆ ಬರ್ತಾ ಅದೆ."

ನಾನು ನಕ್ಕೆ. ಹೌದು, ನಕ್ಕೆ. ಆಮೇಲೆ ಗೂಡಿನ ಕಡೆ ನೋಡಿದೆ. ಕರ್ಪೂರದ ಬಟ್ಟಲು ಮಗುಚಿತ್ತು. ಎಷ್ಟು ಬಿಲ್ಲೆ ಹೋಗಿದೆ ಗೊತ್ತಾಗಲಿಲ್ಲ.

"ಪಚ್ಚಕರ್ಪೂರ ತೀರ್ಥಕ್ಕೂ ಹಾಕ್ತಾರಲ್ಲೆ, ಎಂತಾ ಆಗೂದಿಲ್ಲ" ಎಂದು ನನ್ನ ಬಾಯಿಂದಲೇ ಬಂತು. ತೀರ್ಥಕ್ಕೆ ಹಾಕುವುದು ಬೇರೆ, ಆರತಿಗೆ ಹಚ್ಚುವುದು ಬೇರೆ ಎಂದು ಗೊತ್ತಿದ್ದೂ ಹೇಳಿದೆ. ಹೆದರಿಕೆ ಮನುಷ್ಯರ ಬಾಯಲ್ಲಿ ಏನು ಬೇಕಾದರೂ ಹೇಳಿಸುತ್ತದೆ. ನನ್ನ ಕೈ ಆಗಲೇ ಉಪ್ಪಿನ ಡಬ್ಬಿಯ ಮೇಲಿತ್ತು. ಅಲ್ಲಿ ನಿಂತಿತು. ಎಷ್ಟೋ ವರ್ಷದ ಹಿಂದೆ ಬೈದ ಡಾಕ್ಟರು ನನ್ನ ಮಣಿಕಟ್ಟು ಹಿಡಿದಂತಾಯಿತು. ವಾಂತಿ ಬೇಡ, ಕಾಯುವುದು ಬೇಡ, ಪೊಟ್ಟಣ ಜೊತೆಗಿರಲಿ.

ಕರ್ಪೂರದ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಉಳಿದ ಮಕ್ಕಳನ್ನು ಬೀರಮ್ಮನ ಕೈಲಿಟ್ಟು, ಮಾನಸಿಯನ್ನು ಎತ್ತಿಕೊಂಡು ಓಡಿದೆ. ಪ್ರಭು ಮಾಮನ ವ್ಯಾನು ಅಂಗಡಿ ಎದುರೇ ನಿಂತಿತ್ತು. "ದುಡ್ಡಿನ ಗಲ್ಲೆ ಮೇಲೆ ಕೂರೂಕೆ ಯಾರೂ ಇಲ್ಲ ಬಾಯೆ" ಎಂದವನು ನನ್ನ ಮುಖ ನೋಡಿ ಮಾತು ನಿಲ್ಲಿಸಿ, ಅಂಗಡಿ ತೆರೆದೇ ಬಿಟ್ಟು ವ್ಯಾನು ಹತ್ತಿದ. ದಾರಿಯಲ್ಲಿ ಸುನೀತಾಳ ಮನೆ. ಕೂಗಿದೆ. ಅವಳು ಕೈಯಲ್ಲಿದ್ದ ಒದ್ದೆ ಬಟ್ಟೆ ಸಮೇತ ಹತ್ತಿದಳು. ಹೆದ್ದಾರಿಗೆ ಬಂದ ಮೇಲೆ ಮಗುವಿನ ಕಣ್ಣು ಮೇಲಾಯಿತು, ಕೈಕಾಲು ಸೆಟೆದು ಅದುರತೊಡಗಿದವು. ಮಗ್ಗುಲಾಗಿ ಮಲಗಿಸಿ ಹಿಡಿದುಕೊಂಡೆ. ಬಾಯಿಗೆ ಏನೂ ಹಾಕಲಿಲ್ಲ. ಗ್ರಾಮದೇವಿಯ ಹೆಸರು ಹೇಳುವುದೊಂದೇ ಮಾಡಿದ್ದು. ಪ್ರಭು ಮಾಮ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ.

ಅಂಕೋಲೆಯ ಆಸ್ಪತ್ರೆಯ ಬಾಗಿಲಲ್ಲೇ ಒಬ್ಬ ಎಳೆಯ ಡಾಕ್ಟರು ಸಿಕ್ಕರು. "ಏನು ತಿಂದದೆ?" ಎಂದು ಕೇಳುವ ಮೊದಲೇ ಪೊಟ್ಟಣ ಅವರ ಕೈಗಿತ್ತೆ. ಅವರು ಅದನ್ನು ನೋಡಿದ್ದೇ ತಡ, ಸೂಜಿ, ಆಮ್ಲಜನಕ ಎಲ್ಲ ಶುರುವಾಯಿತು. ಅದುರುವುದು ನಿಂತಿತು. ಕಾರವಾರದ ದೊಡ್ಡಾಸ್ಪತ್ರೆಯಲ್ಲಿ ಒಂದು ದಿನ ಕಾಯ್ದು ನೋಡಬೇಕೆಂದು ಆಂಬುಲೆನ್ಸ್ ಕರೆಸಿದರು. ಹೊರಡುವ ಮೊದಲು, "ಪೊಟ್ಟಣ ತಂದಿದ್ದು ಬಹಳ ಒಳ್ಳೇದಾಯ್ತು" ಎಂದರು. ಆ ಮಾತಿಗೆ ನನಗೆ ಹಿಗ್ಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಂಬುಲೆನ್ಸಿನ ಬಾಗಿಲಲ್ಲಿ ಸುನೀತಾ ನನ್ನ ಕಡೆ ತಿರುಗಿದಳು. ಕೂಗಲಿಲ್ಲ. "ನೀವಿದ್ರಿ ಹೇಳಿ ಕೂಸನ್ನ ಬಿಟ್ಟಿದ್ದೆ ಅಕ್ಕೋರೆ" ಎಂದಳು. ಅಷ್ಟೇ. ನನ್ನನ್ನು ಹತ್ತಿಸಿಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಕಾರವಾರದಿಂದ ಸುದ್ದಿ ಬಂತು. ಮಗು ಎದ್ದು ಕೂತು ಗಂಜಿ ಕೇಳಿತಂತೆ. ನಾನು ದೇವರ ಮುಂದೆ ಕುಳಿತು ಒಂದೊಂದೇ ಎಣಿಸಿದೆ. ಬೀರಮ್ಮನ ಮೂಗು. ಉಪ್ಪಿನ ಡಬ್ಬಿಯ ಮೇಲೆ ನಿಂತ ಕೈ. ಅಂಗಡಿ ಎದುರು ನಿಂತ ವ್ಯಾನು. ಪೊಟ್ಟಣ. ಬಾಗಿಲಲ್ಲೇ ಸಿಕ್ಕ ಡಾಕ್ಟರು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಇದನ್ನು ಬರೆಯುವ ಮುಖ ನನಗಿರುತ್ತಿರಲಿಲ್ಲ.

ಆಗಿನ ಮೇಲ್ವಿಚಾರಕಿ ಬೇರೆಯವರು, ಮೃದು ಮನಸ್ಸಿನವರು. ವರದಿ ಬರೆಯುವಾಗ, "ಮಗು ಮನೆಯಿಂದಲೇ ತಂದಿತ್ತು ಅಂತ ಬರೀರಿ, ನಿಮಗೆ ತೊಂದರೆ ಆಗೋದಿಲ್ಲ" ಎಂದು ನನ್ನ ಒಳ್ಳೆಯದಕ್ಕೇ ಹೇಳಿದರು. ಬೀರಮ್ಮನೂ ತಲೆಯಾಡಿಸಿದಳು. ನಾನು, "ದೇವರ ಎದುರಿಗೇ ಆದದ್ದು ಮೇಡಂ. ಅವನು ನೋಡಿದ್ದಾನೆ" ಎಂದು ಆದದ್ದು ಆದ ಹಾಗೆ ಬರೆದೆ. ಮೆಮೊ ಬಂತು. ಅದು ಇನ್ನೂ ನನ್ನ ಟ್ರಂಕಿನಲ್ಲಿದೆ, ನಿವೃತ್ತಿಯ ಶಾಲಿನ ಕೆಳಗೆ. ಎರಡನ್ನೂ ನಾನು ದುಡಿದೇ ಪಡೆದದ್ದು.

ಎಂಟು ದಿನ ಸುನೀತಾ ಬರಲಿಲ್ಲ. ಅವಳು ದೂರು ಕೊಟ್ಟರೆ ಕೊಡಲಿ, ಕೆಲಸ ಹೋದರೆ ಹೋಗಲಿ, ಆದರೆ ಆ ಮಗು ನನ್ನ ಹೊಸ್ತಿಲು ತುಳಿಯದೇ ಉಳಿದರೆ ಉಳಿದ ತಾಯಂದಿರಿಗೆ ನಾನು ಯಾವ ಬಾಯಲ್ಲಿ ಹೇಳಲಿ ಎಂಬುದೇ ಚಿಂತೆ. ಒಂಬತ್ತನೆಯ ದಿನ ಬಂದಳು. ಒಂದು ಕೈಯಲ್ಲಿ ಮಾನಸಿ, ಇನ್ನೊಂದರಲ್ಲಿ ಶೇಡಿ ಉಂಡೆ.

"ಅಕ್ಕೋರೆ, ನಮ್ಮ ಮನೆ ಗೋಡೆಗೆ ಗೆರೆ ಎಳ್ದವ್ರು ನೀವು. ನಿಮ್ಮ ಗೋಡೆಗೆ ಎಲ್ಲದೆ ಗೆರೆ?"

ಅವಳೇ ಸ್ಟೂಲು ಎಳೆದು ಮಗುವನ್ನು ನಿಲ್ಲಿಸಿದಳು. ಮಾನಸಿಗೆ ಆಟ ಗೊತ್ತಿತ್ತು, ತಾನಾಗಿಯೇ ಕೈ ಮೇಲೆತ್ತಿತು. ಸುನೀತಾ ಗೇಣು ಹಾಕಿ ಗೆರೆ ಎಳೆದಳು. ಶಾರದೆಯೂ ಗಣಪತಿಯೂ ಗೆರೆಯಿಂದ ಬಹಳ ಕೆಳಗೆ ಉಳಿದರು.

"ಹಂಗಾರೆ ದೇವ್ರನ್ನೂ ಅಟ್ಟಕ್ಕೆ ಹತ್ತಿಸೂದಾ?" ಎಂದಳು ಬೀರಮ್ಮ.

"ದೇವ್ರು ಮಕ್ಕಳ ಕೈಗೆ ಸಿಗೂಹಂಗೇ ಇರ್ಲಿ" ಎಂದಳು ಸುನೀತಾ. "ಕರ್ಪೂರ ಮೇಲೆ ಹೋಗ್ಲಿ."

ಮಾನಸಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು. ಕಿಟಕಿಯ ಹೊರಗೆ ನಿಲ್ಲಲಿಲ್ಲ. ಆ ತಿಂಗಳ ತಾಯಂದಿರ ಸಭೆಯಲ್ಲಿ ನನ್ನ ತಪ್ಪನ್ನು ನಾನೇ ಹೇಳಿದೆ. ಕೇಳಿದವರೆಲ್ಲ ಮನೆಗೆ ಹೋಗಿ ಮೊದಲು ನೋಡಿದ್ದು ತಮ್ಮ ದೇವರ ಗೂಡನ್ನು. ಗೆರೆಯ ಕೆಳಗೆ ಕರ್ಪೂರ ಇಲ್ಲದ ಮನೆ ಅಂದು ಒಂದೂ ಇರಲಿಲ್ಲ. ಒಂದು ವಾರದಲ್ಲಿ ಗೆರೆಯ ಕೆಳಗೆ ಕರ್ಪೂರ ಇದ್ದ ಮನೆ ಒಂದೂ ಉಳಿಯಲಿಲ್ಲ. ನನ್ನ ಹೆಮ್ಮೆ ಅದು.

ಹೊಸದಾಗಿ ಸೇರಿದ ಮಕ್ಕಳೇ, ಕಾನೂನನ್ನು ಸದರ ಮಾಡಬೇಡಿ. ಪ್ರಭು ಮಾಮನ ಹಿಂದಿನ ಕೋಣೆಗೆ ಬೀಗ ಹಾಕಿಸಿದ್ದು ಬೀರಮ್ಮನ ಮೂಗಾದರೂ, ಆ್ಯಸಿಡ್ ಹೋದದ್ದು ಅದರಿಂದಲೇ. ಆದರೆ ಕಾನೂನು ಅಂಗಡಿಯ ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ. ಕರ್ಪೂರಕ್ಕೆ ಬಣ್ಣದ ವಜ್ರದ ಗುರುತು ಇಲ್ಲ. ಫಿನಾಯಿಲ್ ಬಾಟಲಿಗೆ ಮಕ್ಕಳಿಂದ ತೆಗೆಯಲಾಗದ ಮುಚ್ಚಳ ಇರಲೇಬೇಕೆಂಬ ನಿಯಮ ನಮ್ಮಲ್ಲಿ ಇರುವುದು ನಾನಂತೂ ಕೇಳಿಲ್ಲ, ಬಂದರೆ ಕೈಮುಗಿಯುತ್ತೇನೆ. ಅಲ್ಲಿಯವರೆಗೆ ಅಂಗಡಿಯಿಂದ ಅಡಿಗೆಮನೆಯವರೆಗಿನ ದಾರಿ ನಿಮ್ಮದು. ಈಗ ಚಿಮಣಿ ಎಣ್ಣೆ ಹೋಗಿದೆ. ಅದರ ಜಾಗಕ್ಕೆ ಸೊಳ್ಳೆ ಓಡಿಸುವ ದ್ರವ, ಪಾಯಿಖಾನೆ ತೊಳೆಯುವ ನೀಲಿ ನೀರು, ಆಟಿಕೆಯೊಳಗಿನ ಗುಂಡಿಯಂಥ ಬ್ಯಾಟರಿ ಬಂದಿವೆ. ಮೊಬೈಲಿನಲ್ಲಿ ತುಂಬಿ, ಬೇಡವೆನ್ನುವುದಿಲ್ಲ. ತುಂಬಿದ ಮೇಲೆ ಎದ್ದು ಒಳಗೆ ಹೋಗಿ. ಒಂದು ಲೋಟ ನೀರು ಕೇಳಿ. ನೀರು ತರಲು ಹೋದವಳ ಹಿಂದೆಯೇ ನೀವೂ ಅಡಿಗೆಮನೆಗೆ ಹೋದರೆ ಯಾರೂ ಬೇಸರ ಮಾಡುವುದಿಲ್ಲ.

ನಾನು ನಿವೃತ್ತಳಾದ ಮೇಲೆ ಆ ಜಾಗಕ್ಕೆ ಸುನೀತಾ ಅರ್ಜಿ ಹಾಕಿದಳು, ಸಿಕ್ಕಿತು. ಮಾನಸಿ ಈಗ ದೊಡ್ಡ ಶಾಲೆಗೆ ಹೋಗುತ್ತಾಳೆ. ಇದನ್ನು ಬರೆದುಕೊಡಿ ಎಂದು ಮೊನ್ನೆ ಬಂದಳೆಂದೆನಲ್ಲ, ಅಂದು ಅವಳು ಬಂದದ್ದು ಅದಕ್ಕೊಂದಕ್ಕೇ ಅಲ್ಲ. ನನ್ನ ಮೊಮ್ಮಗಳಿಗೆ ಎರಡು ತುಂಬಿದೆ, ಸುನೀತಾಳ ಪಟ್ಟಿಯಲ್ಲಿ ಹೆಸರು ಬಂದಿದೆ. ಮನೆ ಭೇಟಿ. ಒಂದು ಲೋಟ ನೀರು ಕೇಳಿದಳು. ನಾನು ಒಳಗೆ ಹೋದೆ, ಅವಳು ಹಿಂದೆಯೇ ಬಂದಳು. ನನಗೆ ನಗು ಬಂತು.

ಈಗಿನ ಗೋಡೆಗಳಿಗೆ ಬಣ್ಣ, ಶೇಡಿ ನಿಲ್ಲುವುದಿಲ್ಲ. ಅವಳ ಚೀಲದಲ್ಲಿ ಕೆಂಪು ಟೇಪಿನ ಸುರುಳಿ ಇದೆ. ಮೊಮ್ಮಗಳನ್ನು ಸ್ಟೂಲಿಗೆ ಹತ್ತಿಸಿ, ಗೇಣು ಹಾಕಿ, ಟೇಪು ಅಂಟಿಸಿದಳು. ಅಡಿಗೆಮನೆ ಪಾಸಾಯಿತು. ದೇವರ ಗೂಡಿನ ಹತ್ತಿರ ಬಂದಳು. ಕರ್ಪೂರ ಇರಲಿಲ್ಲ, ಅದು ಆ ವರ್ಷವೇ ಮೇಲೆ ಹೋಗಿದೆ. ನಾನು ಹಿಂದೆ ಎದೆಯುಬ್ಬಿಸಿ ನಿಂತಿದ್ದೆ.

ಅವಳು ಗಣಪತಿಯ ಹಿಂದಿನಿಂದ ಒಂದು ಸಣ್ಣ ಡಬ್ಬಿ ತೆಗೆದಳು. "ಇದೆಂತಾ?"

ನನ್ನ ರಕ್ತದೊತ್ತಡದ ಮಾತ್ರೆ. ಪೂಜೆ ಮುಗಿಸಿ ನುಂಗಲು ಮರೆಯಬಾರದೆಂದು ಅಲ್ಲೇ ಇಟ್ಟುಕೊಂಡಿದ್ದೆ. ಗುಲಾಬಿ ಬಣ್ಣದ್ದು, ಪೆಪ್ಪರಮಿಂಟಿನ ಹಾಗೆ.

"ಅಕ್ಕೋರೆ! ಊರಿಗೆಲ್ಲ ಹೇಳ್ದವ್ರು ನೀವು. ಎಷ್ಟು ಸಲ ಹೇಳೂದು ನಿಮಗೆ? ಈ ಕೂಸು ತಿಂದ್ರೆ ಎಂತಾ ಮಾಡ್ತ್ರಿ?"

ನನ್ನವರು ಜಗಲಿಯಿಂದ, "ಸಮಾ ಬಯ್ಯಿ ಮಾರಾಯ್ತಿ, ನನ್ನ ಮಾತು ಕೇಳೂದಿಲ್ಲ" ಎಂದು ಕೂಗಿದರು. ನಾನು ತಲೆ ತಗ್ಗಿಸಿ ಬೈಸಿಕೊಂಡೆ. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ, ದಾಕ್ಷಿಣ್ಯವೂ ಇರಲಿಲ್ಲ. ಈ ಕೆಲಸಕ್ಕೆ ಬೇಕಾದ ದನಿ ಅದೇ. ಶಾಲು ಹೊದೆಸಿದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಈಗ ಮಾತ್ರೆಯ ಡಬ್ಬಿ ಕೆಂಪು ಟೇಪಿನ ಮೇಲಿನ ಹಲಗೆಯಲ್ಲಿದೆ. ಬೆಳಿಗ್ಗೆ ಮೊದಲು ಕೈ ಮೇಲೆತ್ತಿ ಅದು ಅಲ್ಲೇ ಇದೆಯೇ ಎಂದು ಮುಟ್ಟಿ ನೋಡುತ್ತೇನೆ. ಆಮೇಲೆ ಕೈ ಮುಗಿಯುತ್ತೇನೆ.